ಸ್ಟಾರ್ಟ್ ಆಗದ ದೋಣಿ, ಕೆರೆಯಲ್ಲಿ ಉಳಿದ ಬಲೆ

ಆಯುಧಪೂಜೆಯ ಮಾರನೆಯ ಬೆಳಿಗ್ಗೆ ನಮ್ಮ ದೋಣಿಯ ಎಂಜಿನ್ ಎರಡು ನಿಮಿಷ ಓಡಿ ನಿಂತಿತು. ಎರಡು ಎಂದು ಬರೆದೆ, ಐದೂ ಇರಬಹುದು. ಆ ದಿನದ ವಿಷಯದಲ್ಲಿ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ನಿಂತದ್ದು ನಿಜ. ಆಮೇಲೆ ಸ್ಟಾರ್ಟ್ ಮಾಡುವ ಹಗ್ಗವನ್ನು ಎಷ್ಟು ಎಳೆದರೂ ಅದು ಕೆಮ್ಮಿ ಸುಮ್ಮನಾಗುತ್ತಿತ್ತು ಎಂಬುದೂ ನಿಜ.

ದೋಣಿ ನನ್ನ ಸೋದರತ್ತೆಯದು. ಸರಿಯಾಗಿ ಹೇಳುವುದಾದರೆ ಅವಳು ಮುಂದೆ ನಿಂತು ಕಟ್ಟಿದ ಹೆಂಗಸರ ಸಂಘದ್ದು. ಶಿರಾ ಸೀಮೆಯ ನಮ್ಮೂರ ಕೆರೆ ನಾನು ಚಿಕ್ಕವನಿದ್ದಾಗ ಕ್ರಿಕೆಟ್ ಮೈದಾನವಾಗಿತ್ತು. ಕಾಲುವೆ ನೀರು ಬಂದು ತುಂಬಿದ ಮೇಲೆ ಊರಿನ ಒಬ್ಬ ಅದರ ಮೀನನ್ನು ಹಿಡಿಯತೊಡಗಿದ. ನಾನು ಹೇಳುತ್ತಿರುವ ವರ್ಷ ಪಂಚಾಯಿತಿ ಮೀನು ಹಿಡಿಯುವ ಹಕ್ಕನ್ನು ಸಂಘಕ್ಕೆ ಕೊಟ್ಟಿತು. ಅವನಿಗೆ ಅದು ಅರಗಲಿಲ್ಲ.

ಸಂಘದ ಮೊದಲ ಬಲೆಯನ್ನು ಹಿಂದಿನ ಸಂಜೆ ನಾನೂ ಅತ್ತೆಯೂ ಕೆರೆಯ ಆಚೆ ತುದಿಯಲ್ಲಿ ಬಿಟ್ಟು ಬಂದಿದ್ದೆವು. ಬಿಸಿಲೇರುವ ಮೊದಲು ಎತ್ತದಿದ್ದರೆ ಸಿಕ್ಕ ಮೀನೆಲ್ಲ ಬಲೆಯಲ್ಲೇ ಕೊಳೆಯುತ್ತದೆ. ಕೊಳೆತರೆ, ಹೆಂಗಸರ ಕೈಲಾಗುವ ಕೆಲಸವಲ್ಲ ಇದು ಎಂದು ಪಂಚಾಯಿತಿಯಲ್ಲಿ ಹೇಳಿ ಕೆರೆಯನ್ನು ವಾಪಸು ಪಡೆಯಲು ಆ ಮನುಷ್ಯ ಕಾಯುತ್ತಿದ್ದ. ಅವತ್ತು ಏರಿಯ ಮೇಲೆ ನಾಲ್ಕೈದು ಜನರನ್ನು ಜೊತೆಗೆ ಕೂರಿಸಿಕೊಂಡು, ಬೀಡಿ ಹಚ್ಚಿಕೊಂಡೇ ಕಾಯುತ್ತಿದ್ದ.

“ಅಕ್ಕಯ್ಯೋ, ಗಂಗಮ್ಮಂಗೆ ಕೋಳಿ ಕುಯ್ಯದೆ ನೀರಿಗಿಳಿದ್ರೆ ಇಂಗೇ ಆಗೋದು,” ಎಂದು ಕೂಗಿದ. “ನಮ್ ತೆಪ್ಪದಾಗೆ ಹೋಗಿ ಬಲೆ ಎತ್ಕೊಡ್ತೀವಿ. ಕೆರೆ ನಮಗೆ ಬುಟ್ಬುಡಿ, ಅಷ್ಟೇಯ.”

“ನಿನ್ ತೆಪ್ಪದಾಗೆ ರಾಗಿ ಒಣಗಾಕ್ಕೋ ಹೋಗ್ಲಾ,” ಎಂದಳು ಅತ್ತೆ.

ನಾನು ಎರಡನೆಯ ಕೆಲಸವನ್ನೋ ಮೂರನೆಯದನ್ನೋ ಬಿಟ್ಟು ಊರಿಗೆ ಬಂದಿದ್ದ ಕಾಲ ಅದು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನೆಂದು ಎಂಜಿನ್ ನೋಡುವುದು ನನ್ನ ಪಾಲಿಗೆ ಬಂತು. ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದೆ. ಟ್ಯಾಂಕ್ ಬಿಚ್ಚಿ ಒಂದಿಷ್ಟನ್ನು ಬಾಟಲಿಗೆ ಸುರಿದು ಬೆಳಕಿಗೆ ಹಿಡಿದು ನೋಡಿದೆವು. ತಳದಲ್ಲಿ ನೀರು ನಿಂತಿರಲಿಲ್ಲ. ಮತ್ತೆ ತುಂಬಿಸಿ ಹಗ್ಗ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಾನು ಗೆದ್ದವನಂತೆ ಏರಿಯ ಕಡೆ ನೋಡಿದೆ. ದಡ ಬಿಟ್ಟು ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಎಂಜಿನ್ ನಿಂತಿತು. ಏರಿಯ ಮೇಲೆ ಚಪ್ಪಾಳೆ ಬಿತ್ತು. ಬೊಂಬು ಊರಿಕೊಂಡು ವಾಪಸು ಬಂದೆವು. ಆಚೆ ತುದಿಯ ಆಳಕ್ಕೆ ಆ ಬೊಂಬು ಎಟುಕುವಂಥದ್ದಲ್ಲ.

ಅತ್ತೆ ಫೋನು ಮಾಡಿ ಮೆಕ್ಯಾನಿಕ್ ಸಾಬರನ್ನು ಕರೆಸಿದಳು. ಪಟ್ಟನಾಯಕನಹಳ್ಳಿ ರಸ್ತೆಯಲ್ಲಿ ಅವರದು ಬೈಕು, ಪಂಪ್‌ಸೆಟ್ಟು ರಿಪೇರಿ ಅಂಗಡಿ.

“ನೀರು ಮೇಲಕ್ಕೆತ್ತೋ ಮೋಟ್ರು ಗೊತ್ತು ಕಣಮ್ಮ,” ಎಂದರು ಅವರು ದೋಣಿಯ ಸುತ್ತ ಒಂದು ಸಲ ನಡೆದು. “ನೀರ್ ಮೇಲೆ ಓಡೋದು ನಮ್ ಅಬ್ಬಾನೂ ನೋಡಿಲ್ಲ. ಆದ್ರೂ ಇರ್ಲಿ. ಬೆಂಕಿ, ಪೆಟ್ರೋಲು, ಗಾಳಿ. ಎಲ್ಲಾ ಎಂಜಿನ್ನೂ ಇಷ್ಟೇ.”

ಪ್ಲಗ್ ಬಿಚ್ಚಿದರು. ಕಿಡಿ ನೀಲಿಯಾಗಿ ಹಾರಿತು. ಎಂಜಿನ್ನನ್ನು ಆಫ್ ಮಾಡುವ ಕೆಂಪು ದಾರದ ಕ್ಲಿಪ್ಪನ್ನು ತೆಗೆದು ಹಾಕಿ ನೋಡಿದರು. ಕಾರ್ಬುರೇಟರ್ ಬಿಚ್ಚಿದಾಗ ಒಳಗೆ ಒಣಗಿತ್ತು. ಪೈಪು ಸ್ವಚ್ಛವಾಗಿದ್ದರೂ ಪೆಟ್ರೋಲು ಇಳಿಯುತ್ತಿರಲಿಲ್ಲ.

“ಟ್ಯಾಂಕ್ ಫುಲ್ ಐತೆ ತಾನೆ?” ಎಂದರು. ಅತ್ತೆ ಮುಚ್ಚಳ ತಿರುಗಿಸಿ ಬಗ್ಗಿ ನೋಡಿ ಮತ್ತೆ ಬಿಗಿ ಮಾಡಿದಳು. ಪೈಪು ಜೋಡಿಸಿ ಎಳೆದರೆ ಎಂಜಿನ್ ಗುಡುಗಿತು. ಸಾಬರು ಕೈ ಮೇಲೆತ್ತುವಷ್ಟರಲ್ಲಿ ಮತ್ತೆ ನಿಂತಿತು.

“ಮೂರು ಕೋಳಿ ಬೇಕೇನೋ ಅಕ್ಕಯ್ಯ!” ಏರಿಯಿಂದ ಕೂಗು ಬಂತು.

ನಾನು ಎದ್ದು ನಿಂತೆ. ಆ ಮನುಷ್ಯನಿಗೆ ಕಾರ್ಯಕಾರಣ ಸಂಬಂಧದ ಬಗ್ಗೆ ಎರಡು ಮಾತು ಹೇಳಬೇಕೆಂದಿದ್ದೆ. ಹೇಳಿಯೂ ಇರಬೇಕು. ಅತ್ತೆ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಮುಚ್ಚಳದ ಮೇಲೆ ಕಿವಿಯಿಟ್ಟಿದ್ದಳು.

“ಲೇ, ಇಲ್ಲಿ ಬಾ. ಇದನ್ನ ತಿರುಗ್ಸಿದಾಗೆಲ್ಲ ಉಸ್ ಅಂತೈತೆ ಕಣ್ಲಾ. ತಿರುಗ್ಸಿದ ಮ್ಯಾಲೆ ಎರಡು ಗಳಿಗೆ ಓಡ್ತೈತೆ. ಎಣ್ಣೆ ಡಬ್ಬಕ್ಕೆ ಎಷ್ಟು ತೂತು ಹೊಡೀತೀವಿ?”

“ಎರಡು,” ಎಂದೆ. ಒಂದರಲ್ಲಿ ಎಣ್ಣೆ ಸುರಿಯುತ್ತದೆ, ಇನ್ನೊಂದರಲ್ಲಿ ಗಾಳಿ ಒಳಗೆ ಹೋಗುತ್ತದೆ. ಎರಡನೆಯದು ಇಲ್ಲದಿದ್ದರೆ ಎಣ್ಣೆ ನಾಲ್ಕು ಹನಿ ತೊಟ್ಟಿಕ್ಕಿ ನಿಲ್ಲುತ್ತದೆ. ನಾನು ಹುಡುಗರಿಗೆ ವಾಯುವಿನ ಒತ್ತಡ ಕಲಿಸಿದವನು.

“ಇದ್ರ ಎರಡ್ನೇ ತೂತು ಎಲ್ಲೈತೆ?”

ಇತ್ತು. ಮುಚ್ಚಳದ ನೆತ್ತಿಯಲ್ಲಿ ಸಾಸಿವೆ ಗಾತ್ರದ್ದು. ಅದರ ಮೇಲೆ, ಹಿಂದಿನ ಸಂಜೆ ಬಲೆ ಬಿಟ್ಟು ಬಂದ ಮೇಲೆ ಮಾಡಿದ ಪೂಜೆಯ ಅರಿಶಿನ, ಅದರ ಮೇಲೆ ಕುಂಕುಮ. ಇಡೀ ಎಂಜಿನ್ನಿಗೆ ಹಚ್ಚಿದಂತೆ ಅಲ್ಲಿಗೂ ನೀರಿನಲ್ಲಿ ಕಲಸಿ ಧಾರಾಳವಾಗಿ ಮೆತ್ತಿದ್ದರು. ರಾತ್ರಿಯೆಲ್ಲ ಒಣಗಿ ಗಾರೆಯಂತಾಗಿತ್ತು. ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಕ್ಕೆ, ಟ್ರ್ಯಾಕ್ಟರ್ ಮೂತಿಗೆ ಹಚ್ಚಿ ಅಭ್ಯಾಸವಾದ ಕೈಗಳು. ಎಲ್ಲಿ ಗುಂಡಗಿನ ನೆತ್ತಿ ಕಂಡಿತೋ ಅಲ್ಲಿ ಬೊಟ್ಟು.

ಮೆತ್ತಿದ್ದರು ಎಂದು ಬಹುವಚನದಲ್ಲಿ ಬರೆದು ತಪ್ಪಿಸಿಕೊಳ್ಳುತ್ತಿದ್ದೇನೆ. ಆ ಮುಚ್ಚಳಕ್ಕೆ ಬೊಟ್ಟಿಟ್ಟವನು ನಾನೇ ಎಂದು ನನ್ನ ನೆನಪು. ಉಂಗುರದ ಬೆರಳಿಗೆ ಹತ್ತಿದ ಆ ತಣ್ಣನೆ ಒದ್ದೆ ಈಗಲೂ ಗೊತ್ತಾಗುತ್ತದೆ. ಅತ್ತೆ ಅದು ಸುಳ್ಳು ಎನ್ನುತ್ತಾಳೆ. ನಾನು ಕೈಕಟ್ಟಿಕೊಂಡು ದೂರ ನಿಂತು, ಇದೆಲ್ಲ ಯಾಕೆ ಎಂದು ಭಾಷಣ ಬಿಗಿಯುತ್ತಿದ್ದೆನಂತೆ. ಅದೂ ನಾನು ಮಾಡುವಂಥದ್ದೇ.

ಅತ್ತೆ ತಲೆಯಿಂದ ಪಿನ್ನು ತೆಗೆದು, ಕುಂಕುಮ ಕೆರೆದು ತೂತು ಬಿಡಿಸಿದಳು. ಸಾಬರು ನಗು ತಡೆಯಲು ಮುಖ ತಿರುಗಿಸಿಕೊಂಡರು. ಏರಿಯ ಮನುಷ್ಯನಿಗೆ ಪೂಜೆಯ ಕುಂಕುಮ ಕೆರೆಯುತ್ತಿರುವುದು ಕಂಡಿತು.

“ಗಂಗಮ್ಮನ ಕುಂಕುಮ ಕಿತ್ತಾಕ್ತಿದ್ದೀಯಾ ಅಕ್ಕಯ್ಯ? ಒಳ್ಳೇದಾಗಲ್ಲ!”

“ಕುಂಕುಮ ಇಕ್ಕಾಕೆ ಹಣೆ ಐತೆ. ಮೂಗಿಗ್ ಮೆತ್ತಿದ್ರೆ ಗಂಗಮ್ಮನೂ ಉಸಿರಾಡಕಿಲ್ಲ ಕಣ್ಲಾ,” ಎಂದು ಕೂಗಿ ಅವಳು ಪಿನ್ನನ್ನು ಮತ್ತೆ ತಲೆಗೆ ಸಿಕ್ಕಿಸಿಕೊಂಡಳು.

ನಾನು ಹಗ್ಗ ಎಳೆದೆ. ಎಂಜಿನ್ ಓಡಿತು, ಓಡುತ್ತಲೇ ಇತ್ತು. ಆಚೆ ತುದಿಗೆ ಹೋದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಬಲೆ ಭಾರವಾಗಿತ್ತು. ದಡದ ಕಡೆಯ ಒಂದಷ್ಟು ಮೀನು ಸತ್ತಿತ್ತು. ಆಳದಲ್ಲಿದ್ದ ಕಾಟ್ಲಾಗಳು ದೋಣಿಯೊಳಗೆ ಬಿದ್ದು ನಮ್ಮ ಮೊಣಕಾಲಿಗೆ ಬಾಲ ಬಡಿದವು. ಸತ್ತವನ್ನು ಅತ್ತೆ ಬೇರೆ ಬುಟ್ಟಿಗೆ ಹಾಕಿದಳು, ಯಾರೂ ಬೆರಳು ತೋರಿಸಬಾರದೆಂದು.

ವಾಪಸಾಗುವಾಗ ಮೀನಿನ ವ್ಯಾನು ನಿಂತಿದ್ದ ತೂಬಿನ ಕಡೆ ದೋಣಿ ತಿರುಗಿಸಿದೆ.

“ಅಲ್ಲಿಗ್ಯಾಕೆ? ಏರಿ ಉದ್ದಕ್ಕೂ ಓಡ್ಸು,” ಎಂದಳು.

“ಪೆಟ್ರೋಲು ದಂಡ ಅತ್ತೆ.”

“ಆಗ್ಲಿ.”

ಅವಳು ದೋಣಿಯ ಮೂತಿಯಲ್ಲಿ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಏರಿಯ ಕಲ್ಲುಗಳಿಗೆ ಅಲೆ ಬಡಿಯುವಷ್ಟು ಹತ್ತಿರದಲ್ಲಿ, ಬೀಡಿ ಹಿಡಿದು ಕೂತವರ ಕಾಲ ಬುಡದಲ್ಲೇ ಹಾದು ಹೋದೆವು. ತುದಿ ಮುಟ್ಟಿದ ಮೇಲೆ, ಅವಳು ಹೇಳದಿದ್ದರೂ, ನಾನು ದೋಣಿಯನ್ನು ಇನ್ನೊಂದು ಸಲ ಅವರ ಕಡೆಗೇ ತಿರುಗಿಸಿದೆ.