ಕಾಫಿಗೂ ಮುಂಚಿನ ಕೆಲಸ

ಬ್ಯಾಗನ್ನು ಕಾಫಿಗೂ ಮುಂಚೆ ಬದಲಿಸಬೇಕು ಅಂತ ಮೊದಲು ಹೇಳಿದ್ದು ಘಾಜಿಯಾಬಾದಿನ ನರ್ಸ್ ಸುನೀತಾ. ಕರುಳಿನ ಆಪರೇಷನ್ ಆದಮೇಲೆ ನಮ್ಮ ಯಜಮಾನರಿಗೆ ಹೊಟ್ಟೆಯಲ್ಲಿ ಸ್ಟೋಮಾ ಅನ್ನೋ ತೂತು ಇದೆ. ಮಲವೆಲ್ಲ ಹೊಟ್ಟೆಗೆ ಅಂಟಿಸಿದ ಬ್ಯಾಗಿಗೇ ಬರುತ್ತದೆ. ನಾನು ಕಾಫಿ ಕುಡಿಸಿ ಬ್ಯಾಗ್ ಬಿಚ್ಚುತ್ತಿದ್ದೆ. ಪ್ರತಿ ಸಲವೂ ನನ್ನ ಕೈಮೇಲೇ ಹರಿಯುತ್ತಿತ್ತು.

"ದೀದಿ, ಖಾಲಿ ಹೊಟ್ಟೆಯಲ್ಲಿ ಸ್ಟೋಮಾ ಸುಮ್ಮನಿರುತ್ತೆ. ಇನ್ಮೇಲೆ ಅವರೇ ಮಾಡಿಕೊಳ್ಳಲಿ, ನೀವು ಹೊರಗಿರಿ" ಅಂದಳು.

ಮದುವೆಯಾದಾಗಿನಿಂದ ಕಾಫಿಯಿಲ್ಲದೆ ಹಾಸಿಗೆ ಬಿಡದ ಮನುಷ್ಯ, ಅವಳ ಒಂದು ಮಾತಿಗೆ ಮರುದಿನವೇ ಎದ್ದು ಕನ್ನಡಿ ಮುಂದೆ ನಿಂತರು. ನಾನು ಬಾಗಿಲ ಹೊರಗೆ ಲೋಟ ಹಿಡಿದು ಕಾದೆ.

"ಬರಲಾ?"

"ಬೇಡ ಕಣೇ, ಸರಿಯಾಗಿ ಅಂಟಿದೆ. ಸುನೀತಾಗೆ ಫೋನ್ ಮಾಡಿ ಹೇಳ್ತೀನಿ."

"ಮೊದಲು ಕಾಫಿ ಕುಡೀರಿ, ಆರಿಹೋಗುತ್ತೆ" ಅಂದೆ.

ಸ್ಟೋಮಾ ಇರುವವರ ಪರಿಚಯವಿದ್ದರೆ ನೀವೂ ಅವರಿಗೆ ಈ ಉಪಾಯ ದಾಟಿಸಿ. ಹೇಳಿಕೊಟ್ಟವಳು ಸುನೀತಾ ಅಲ್ಲ, ನಾನು ಅಂತಲೇ ಇರಲಿ.