ವಾಸಿಯಾಗದವನಿಗೊಂದು ಪೇಟ

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ನನಗೆ ಸನ್ಮಾನವಾಯಿತು. ಹೆಗಲಿಗೆ ಶಾಲು, ತಲೆಗೆ ಮೈಸೂರು ಪೇಟ, ಕೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ. ನಾನು ಮಾಡಿದ ಸಾಧನೆ ಏನೆಂದರೆ, ಖಿನ್ನತೆಯಿಂದ ಗುಣವಾದದ್ದು.

ಗುಣವಾಗಿರಲಿಲ್ಲ. ಆ ವಿಷಯ ಗೊತ್ತಿದ್ದದ್ದು ನನಗೆ ಮತ್ತು ನನ್ನ ಹೆಂಡತಿ ಸರೋಜಳಿಗೆ ಮಾತ್ರ.

ನಡೆದದ್ದನ್ನು ನಡೆದ ಹಾಗೆಯೇ ಬರೆಯಲು ಪ್ರಯತ್ನಿಸುತ್ತೇನೆ. ಅವಸರದಲ್ಲಿ ಬರೆದರೆ ಇದು ಬರೀ ತಮಾಷೆಯಾಗಿಬಿಡುತ್ತದೆ. (ತಮಾಷೆಯೂ ಹೌದು. ಅಲ್ಲ ಎಂದು ನಾನು ಹೇಳುವುದಿಲ್ಲ.)

ನಾನು ವಿಜಯನಗರದ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು, ಮನೆ ಆರ್‌ಪಿಸಿ ಲೇಔಟ್ ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಇದು. ವರ್ಷದ ಆರಂಭದಿಂದಲೂ ನನಗೆ ಏನೋ ಆಗಿತ್ತು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು, ಹಸಿವು ಬರುತ್ತಿರಲಿಲ್ಲ. ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತರೆ ಇನ್ನೊಂದನ್ನು ಹಾಕಿಕೊಳ್ಳುವುದಕ್ಕೆ ಕಾರಣ ಹೊಳೆಯುತ್ತಿರಲಿಲ್ಲ. ಕ್ಲಾಸಿನಲ್ಲಿ ಚಾಕ್‌ಪೀಸ್ ಹಿಡಿದು ಬೋರ್ಡಿನ ಮುಂದೆ ನಿಂತುಬಿಡುತ್ತಿದ್ದೆ. ಹುಡುಗರು ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ.

ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ರುದ್ರೇಶ್ ಅವರ ಬಳಿ ಎಲ್ಲದಕ್ಕೂ ಒಂದು ಫೋನ್ ನಂಬರ್ ಇರುತ್ತದೆ. ಪೈಪ್ ಒಡೆದರೂ, ನಾಯಿ ಕಚ್ಚಿದರೂ, ಮಗಳಿಗೆ ಗಂಡು ನೋಡಬೇಕಾದರೂ. ನನ್ನ ಮುಖ ನೋಡಿ ಒಂದು ದಿನ ಅವರೇ ತಡೆದು ನಿಲ್ಲಿಸಿದರು. "ಬಸವೇಶ್ವರನಗರದಲ್ಲಿ ಮನಸ್ಸಿನ ಡಾಕ್ಟರು ಒಬ್ರಿದಾರೆ ಮೇಷ್ಟ್ರೇ. ನಾಚ್ಕೋಬೇಡಿ. ಹಲ್ಲು ನೋವು ಬಂದ್ರೆ ಹೋಗಲ್ವಾ?"

ಹೋದೆ. ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವರು. ನಾನು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ರಾತ್ರಿಗೆ ಒಂದು ಮಾತ್ರೆ, ಬೆಳಗಿನ ಬಿಸಿಲಲ್ಲಿ ನಡಿಗೆ, ದಿನಾ ಯಾರ ಜೊತೆಗಾದರೂ ಒಂದಿಷ್ಟು ಮಾತು. "ಕೆಲವರಿಗೆ ಇದ್ರಲ್ಲೇ ಚೆನ್ನಾಗಾಗುತ್ತೆ ಸಾರ್. ಆಗ್ಲಿಲ್ಲ ಅಂದ್ರೆ ಬೇರೆ ದಾರಿಗಳಿವೆ. ನೀವು ಬಂದು ಹೇಳ್ಬೇಕು, ಅಷ್ಟೇ" ಎಂದರು.

ಆ 'ಅಷ್ಟೇ' ನನ್ನಿಂದ ಆಗಲಿಲ್ಲ.

ಮುಂದಿನ ಸಲ ಹೋದಾಗ ಅವರು ಕೇಳಿದರು: "ಹೇಗಿದೀರಿ ಸಾರ್?"

ಮದುವೆ ಊಟದಲ್ಲಿ ಹೆಣ್ಣಿನ ತಂದೆ ಎಲೆಯ ಮುಂದೆ ಬಂದು ಕೈ ಜೋಡಿಸಿ "ಊಟ ಹೇಗಿದೆ? ನಿಧಾನವಾಗಿ ಆಗ್ಲಿ" ಎಂದರೆ ನಾವು ಏನು ಹೇಳುತ್ತೇವೆ? ಹುಳಿಗೆ ಉಪ್ಪಿಲ್ಲ ಎನ್ನುತ್ತೇವೆಯೇ? ಬಾಯಲ್ಲಿ ತುತ್ತು ಇದ್ದ ಹಾಗೆಯೇ ತಲೆ ಆಡಿಸುತ್ತೇವೆ. ಆ ಕ್ಲಿನಿಕ್ಕಿನ ಕುರ್ಚಿಯಲ್ಲಿ ನನ್ನ ತಲೆ ತಾನಾಗಿಯೇ ಆಡಿತು. "ಪರವಾಗಿಲ್ಲ ಮೇಡಂ. ಎಷ್ಟೋ ವಾಸಿ."

ಅವರ ಮುಖ ಅರಳಿತು. ಪಾಪ, ಬೆಳಿಗ್ಗೆಯಿಂದ ಎಷ್ಟು ಜನರ ದುಃಖ ಕೇಳಿದ್ದಾರೋ. ಅರಳಿದ ಆ ಮುಖವನ್ನು ಬಾಡಿಸುವುದು ಹೇಗೆ? ಹೀಗಾಗಿ ಪ್ರತಿ ಭೇಟಿಯಲ್ಲಿ ನಾನು ಸ್ವಲ್ಪ ಸ್ವಲ್ಪ ಗುಣವಾಗುತ್ತ ಹೋದೆ. ಒಂದು ಸಲ ಪಾರ್ಕಿನಲ್ಲಿ ಹಕ್ಕಿಗಳ ದನಿ ಕಿವಿಗೆ ಹಿತವಾಗುತ್ತಿದೆ ಎಂದೂ ಹೇಳಿದೆ. (ಹಕ್ಕಿಗಳನ್ನು ನಾನು ಗಮನಿಸಿಯೇ ಇರಲಿಲ್ಲ. ಪಾರ್ಕ್ ಅಂದ ಮೇಲೆ ಇದ್ದೇ ಇರುತ್ತವೆ ಎಂಬ ಧೈರ್ಯದ ಮೇಲೆ ಹೇಳಿದ್ದು.)

ಇನ್ನೊಂದು ವಿಷಯ. ಉಳಿದ ದಿನಗಳಲ್ಲಿ ನನಗೆ ಶೇವ್ ಮಾಡಿಕೊಳ್ಳಲು ಕೈ ಏಳುತ್ತಿರಲಿಲ್ಲ. ಡಾಕ್ಟರ ಬಳಿ ಹೋಗುವ ದಿನ ಮಾತ್ರ ಶೇವ್ ಮಾಡಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದೆ. ಅವರು ನೋಡಿದ್ದೆಲ್ಲ ಆ ಅಂಗಿಯನ್ನೇ.

ಸರೋಜ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮನೇಲಿ ಬಾಯಿ ಬಿಡದೋರು ಅಲ್ಲಿ ಹೋಗಿ ನಕ್ಕೊಂಡು ಮಾತಾಡ್ತೀರಂತಲ್ಲ. ನಾನೂ ಫೀಸ್ ಇಸ್ಕೊಳ್ಳಾ?"

ಇನ್ನು ನಡಿಗೆ. ನಡೆಯಿರಿ ಎಂದಿದ್ದರು, ನಡೆದೆ. ಬೇಗ ಮುಗಿಸಿ ಮನೆಗೆ ಹೋಗಿ ಮಲಗಬೇಕೆಂದು ಜೋರಾಗಿ ನಡೆಯುತ್ತಿದ್ದೆ. ನೋಡಿದವರು ಅದನ್ನು ಹುರುಪು ಎಂದುಕೊಂಡರು. ಯಾರಾದರೂ ಮಾತಾಡಿಸಿಯಾರು ಎಂದು ನೆಲ ನೋಡಿಕೊಂಡು ಹೋಗುತ್ತಿದ್ದೆ. ಅದನ್ನು ಶಿಸ್ತು ಎಂದುಕೊಂಡರು. ಒಂದು ದಿನ ಮಳೆ ಬಂತು, ಎಲ್ಲರೂ ಮಂಟಪಕ್ಕೆ ಓಡಿದರು, ನಾನು ಸುತ್ತು ಹಾಕುತ್ತಲೇ ಇದ್ದೆ. ಮಳೆ ಬಂದಿತ್ತು ಎಂದು ನನಗೆ ಗೊತ್ತಾದದ್ದು ಮನೆಯಲ್ಲಿ ಸರೋಜ ಟವೆಲ್ ಕೊಟ್ಟಾಗ.

ಮಂಟಪದಲ್ಲಿ ನಿಂತಿದ್ದವರಲ್ಲಿ ರುದ್ರೇಶ್ ಇದ್ದರು.

"ಮೇಷ್ಟ್ರೇ, ಬರೋ ಭಾನುವಾರ ಸಂಘದಿಂದ ಹೆಲ್ತ್ ಕ್ಯಾಂಪು. ಬಿಪಿ, ಶುಗರ್ ಎಲ್ಲಾ ಫ್ರೀ. ಆಮೇಲೆ ನಿಮಗೊಂದು ಸಣ್ಣ ಸನ್ಮಾನ."

"ನನಗ್ಯಾಕೆ?"

"ಡಿಪ್ರೆಶನ್ ಗೆದ್ರಲ್ಲ. ಆ ಮಳೇಲಿ ವಾಕ್ ಮಾಡಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ನಾಲ್ಕು ಜನಕ್ಕೆ ಗೊತ್ತಾಗ್ಲಿ."

ಬೇಡ ಎಂದೆ. ಖಂಡಿತ ಬೇಡ ಎಂದೆ. ಆದರೆ ಸನ್ಮಾನಕ್ಕೆ ಬೇಡ ಎನ್ನುವುದು ನಮ್ಮ ಕಡೆ ಒಪ್ಪಿಗೆಯ ಮೊದಲ ಹಂತ. ಖಂಡಿತ ಬೇಡ ಎನ್ನುವುದು ಎರಡನೆಯದು. ರುದ್ರೇಶ್ ನಕ್ಕು ನನ್ನ ಬೆನ್ನು ತಟ್ಟಿದರು. "ಎಲ್ರೂ ಹಂಗೇ ಅನ್ನೋದು. ಒಳ್ಳೆ ಫೋಟೋ ಒಂದು ವಾಟ್ಸಾಪ್ ಮಾಡಿ."

ಮಾಡಲಿಲ್ಲ. ಅವರು ಎಲ್ಲಿಂದಲೋ ಹುಡುಕಿ ತೆಗೆದರು.

ಭಾನುವಾರ ಪಾರ್ಕಿನ ಗೇಟಿಗೆ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ನನ್ನ ಮುಖ, ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಡಿಪ್ರೆಶನ್ ಗೆದ್ದ ಮೇಷ್ಟ್ರಿಗೆ ಸನ್ಮಾನ'. ಮುಖದ ಸುತ್ತ ಸೇವಂತಿಗೆ ಹೂವಿನ ಚೌಕಟ್ಟು, ಕೆಳಗೆ ಎರಡು ದೀಪ. ಇಂಥ ಚೌಕಟ್ಟನ್ನು ನಮ್ಮ ರಸ್ತೆಗಳಲ್ಲಿ ಯಾವ ಸಂದರ್ಭಕ್ಕೆ ಹಾಕುತ್ತಾರೆ ಎಂಬುದು ನಿಮಗೆ ಗೊತ್ತು. ಫ್ಲೆಕ್ಸ್ ಅಂಗಡಿಯವನು ಯಾವುದೋ ಹಳೆಯ ಡಿಸೈನಿಗೆ ನನ್ನನ್ನು ಕೂರಿಸಿಬಿಟ್ಟಿದ್ದ. ಹಾಲು ತೆಗೆದುಕೊಂಡು ಹೋಗುತ್ತಿದ್ದ ಆಂಟಿಯೊಬ್ಬರು ಅದನ್ನು ನೋಡಿ, ಪಕ್ಕದಲ್ಲಿ ನಿಂತಿದ್ದ ನನ್ನನ್ನು ನೋಡದೆ, ಕೇಳಿದರು: "ಅಯ್ಯೋ, ಮೇಷ್ಟ್ರು ಯಾವಾಗ ಹೋದ್ರು?"

"ಈಗ್ತಾನೆ ಬಂದೆ" ಎಂದೆ.

ಅವರು ಬೆಚ್ಚಿ ಹಾಲಿನ ಪ್ಯಾಕೆಟ್ ಬೀಳಿಸಿಕೊಂಡರು. ಸರೋಜಳ ಮುಖ ಬಿಳುಚಿಕೊಂಡಿತು. "ರುದ್ರೇಶಣ್ಣ, ಮೊದ್ಲು ಇದನ್ನ ತೆಗೆಸಿ" ಎಂದಳು. "ಅಕ್ಕ, ಹೂವು ತಾನೇ, ಶುಭ ಅಲ್ವಾ?" ಎಂದು ಅವರು ತಲೆ ಕೆರೆದುಕೊಂಡರು.

ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಬರೆಯಬೇಕು. ಅವರಿಬ್ಬರೂ ವಾದಿಸುತ್ತಿರುವಾಗ ನಾನು ಆ ಚಿತ್ರವನ್ನು ನೋಡುತ್ತ ನಿಂತಿದ್ದೆ. ನನ್ನ ಮುಖ, ಸುತ್ತ ಹೂವು, ಕೆಳಗೆ ದೀಪ. ಸರೋಜಳಿಗೆ ಆದ ಹಾಗೆ ನನಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಸರಿಯಾಗಿಯೇ ಇದೆಯಲ್ಲ ಅನ್ನಿಸಿತು. ಹಾಗಾದರೆ ಇನ್ನು ಯಾವುದಕ್ಕೂ ಉತ್ತರ ಹೇಳಬೇಕಾಗಿಲ್ಲವಲ್ಲ ಎಂದು ಒಂದು ಬಗೆಯ ಸಮಾಧಾನವೂ ಆಯಿತು. ಆ ಸಮಾಧಾನ ನನ್ನೊಳಗೆ ಸದ್ದಿಲ್ಲದೆ ಬಂದು ಕೂತ ರೀತಿ ನೋಡಿ, ಒಂದು ಕ್ಷಣ ಬಿಟ್ಟು, ನನಗೇ ಹೆದರಿಕೆಯಾಯಿತು.

ಆಮೇಲೆ ಯಾರೋ ನನ್ನನ್ನು ವೇದಿಕೆಗೆ ಹತ್ತಿಸಿದರು.

ಮುಖ್ಯ ಅತಿಥಿ ಯಾರು ಎಂದುಕೊಂಡಿರಿ? ನಮ್ಮ ಡಾಕ್ಟರೇ. ಮಾನಸಿಕ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಲು ಕರೆದಿದ್ದರು. ಸನ್ಮಾನ ಯಾರಿಗೆ, ಯಾತಕ್ಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಹಿಂದಿನ ಗೇಟಿನಿಂದ ಬಂದದ್ದರಿಂದ ಫ್ಲೆಕ್ಸನ್ನೂ ನೋಡಿರಲಿಲ್ಲ. ನನ್ನನ್ನು ಕಂಡು ಅವರ ಕಣ್ಣು ಅಗಲವಾಯಿತು. ಮರುಕ್ಷಣವೇ, ನನ್ನನ್ನು ಜನ್ಮದಲ್ಲಿ ಕಂಡವರಲ್ಲ ಎಂಬ ಹಾಗೆ ಮುಖ ಬದಲಿಸಿಕೊಂಡರು. ರೋಗಿಯ ಗುಟ್ಟು ಕಾಪಾಡುವುದು ಅವರ ಧರ್ಮ. ಆ ಗುಟ್ಟು ಗೇಟಿನಲ್ಲಿ ಆಳೆತ್ತರ ತೂಗುತ್ತಿತ್ತು ಎಂಬುದು ಬೇರೆ ಮಾತು.

ರುದ್ರೇಶ್ ಮೈಕ್ ಹಿಡಿದರು. "ನಮ್ಮ ಮೇಷ್ಟ್ರು ಗುಣ ಆಗಿದ್ದು ಇದೇ ಡಾಕ್ಟರಮ್ಮನವರ ಕೈಗುಣದಿಂದ. ಹೌದಲ್ವಾ ಮೇಡಂ?"

"ನಾನು ಯಾರ ವಿಷಯಾನೂ ಹೊರಗೆ ಹೇಳಲ್ಲ" ಎಂದರು ಡಾಕ್ಟರು, ಬಿಗಿಯಾಗಿ.

"ನೋಡಿ, ಎಂಥಾ ದೊಡ್ಡ ಗುಣ. ಮಾಡಿದ್ದನ್ನ ಹೇಳ್ಕೊಳ್ಳೋದೇ ಇಲ್ಲ."

ಚಪ್ಪಾಳೆ.

ಅವರ ಕೈಯಿಂದಲೇ ಶಾಲು ಹೊದಿಸಿದರು. ಪೇಟವನ್ನೂ ಅವರ ಕೈಗೇ ಕೊಟ್ಟರು. ಅದು ನನ್ನ ಅಳತೆಯದಲ್ಲ. ಹುಬ್ಬಿನ ಕೆಳಗೆ ಇಳಿದು ಕಣ್ಣು ಮುಚ್ಚಿತು. ಡಾಕ್ಟರು ಎರಡು ಬೆರಳಲ್ಲಿ ಅದನ್ನು ಮೇಲೆತ್ತಿ ನನ್ನ ಕಣ್ಣು ನೋಡಿದರು. ಕ್ಲಿನಿಕ್ಕಿನಲ್ಲಿ ನಡುವೆ ಒಂದು ಮೇಜು ಇರುತ್ತಿತ್ತು. ಇಷ್ಟು ಹತ್ತಿರದಿಂದ ಅವರು ನನ್ನನ್ನು ಎಂದೂ ನೋಡಿರಲಿಲ್ಲ.

"ಹಂಗೇ ಇರಿ" ಎಂದ ಫೋಟೋದವನು. "ಮೇಡಂ, ಶಾಲು ಬಿಡ್ಬೇಡಿ. ಸಾರ್, ಸ್ಮೈಲ್."

ಡಾಕ್ಟರು ತುಟಿ ಅಲುಗಿಸದೆ ಕೇಳಿದರು: "ಹೇಗಿದೀರಿ ಸಾರ್?"

ತಲೆ ಆಡಿಸೋಣವೆಂದರೆ ಪೇಟ ಬೀಳುತ್ತಿತ್ತು.

"ಚೆನ್ನಾಗಿಲ್ಲ ಮೇಡಂ."

"ಫ್ಲ್ಯಾಶ್ ಬರ್ಲಿಲ್ಲ, ಇನ್ನೊಂದ್ಸಲ" ಎಂದ ಅವನು.

"ಯಾವಾಗಿಂದ?"

"ಮೊದಲಿಂದಾನೂ. ಏನೂ ಕಮ್ಮಿ ಆಗಿಲ್ಲ."

"ಸಾರ್, ಈ ಕಡೆ, ಈ ಕಡೆ. ಹಲ್ಲು ಕಾಣ್ಲಿ."

"ಹಕ್ಕಿ?"

"ಸುಳ್ಳು."

"ಇನ್ನೊಂದು, ಸೇಫ್ಟಿಗೆ."

ಆ ಸೇಫ್ಟಿ ಫೋಟೋಗೆ ನಿಂತಿರುವಾಗಲೇ, ಗೇಟಿನಲ್ಲಿ ಹೂವಿನ ನಡುವೆ ನನ್ನ ಮುಖ ನೋಡಿ ನನಗೆ ಏನನ್ನಿಸಿತು ಎಂಬುದನ್ನೂ ಹೇಳಿಬಿಟ್ಟೆ. ಶಾಲು ಹಿಡಿದ ಅವರ ಕೈ ನನ್ನ ಹೆಗಲ ಮೇಲೆ ಬಿಗಿಯಾಯಿತು. "ಎಲ್ಲೂ ಹೋಗ್ಬೇಡಿ. ಈಗ್ಲೇ ಕೂತು ಮಾತಾಡೋಣ" ಎಂದರು. (ಆ ಮೂರು ಫೋಟೋಗಳು ಬಂದಿವೆ. ಮೂರರಲ್ಲೂ ನಾನು ಚೆನ್ನಾಗಿ ನಗುತ್ತಿದ್ದೇನೆ.)

ಅಷ್ಟರಲ್ಲಿ ರುದ್ರೇಶ್ ನನ್ನ ಬಾಯಿಗೆ ಮೈಕ್ ಹಿಡಿದರು. ಎರಡು ಮಾತಂತೆ. ಒಮ್ಮೆ ಬಾಗಿಲು ತೆರೆದ ಮೇಲೆ ಮುಚ್ಚಲು ನನಗೆ ಆಗಲಿಲ್ಲ. "ನನಗೆ ವಾಸಿಯಾಗಿಲ್ಲ" ಎಂದೆ. "ಡಾಕ್ಟರು ಕೇಳಿದಾಗಲೆಲ್ಲ ವಾಸಿ ಅಂತ ಸುಳ್ಳು ಹೇಳಿದೆ. ಈ ಸನ್ಮಾನ ನನಗೆ ಸಲ್ಲದು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ರುದ್ರೇಶ್ ಕಣ್ಣೊರೆಸಿಕೊಂಡು ಮೈಕಿನಲ್ಲಿ ಹೇಳಿದರು: "ಸಲ್ಲದು ಅಂತಾರೆ ನೋಡಿ. ಇದಪ್ಪಾ ವಿನಯ ಅಂದ್ರೆ."

ಸತ್ಯ ಹೇಳುವುದು ಕಷ್ಟ ಎಂದು ಕೇಳಿದ್ದೆ. ಹೇಳಿದ ಮೇಲೂ ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಆ ಸಭೆಯಲ್ಲಿ ಚಪ್ಪಾಳೆ ತಟ್ಟದವರು ಇಬ್ಬರೇ, ಡಾಕ್ಟರು ಮತ್ತು ಸರೋಜ. ಇಬ್ಬರೂ ಸೇರಿ ನನ್ನನ್ನು ಬಿಪಿ ನೋಡಲು ಕಟ್ಟಿದ್ದ ಬಟ್ಟೆಯ ಪರದೆಯ ಹಿಂದೆ ಕರೆದುಕೊಂಡು ಹೋದರು. ಪ್ಲಾಸ್ಟಿಕ್ ಕುರ್ಚಿ. ತಲೆಯ ಮೇಲೆ ಪೇಟ ಇನ್ನೂ ಇತ್ತು, ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಡಾಕ್ಟರು ಬಳಸು ಮಾತಿಲ್ಲದೆ ಕೇಳಿದರು. ನಿದ್ದೆ? ಊಟ? ಸಾಯಬೇಕು ಅನ್ನಿಸಿದೆಯೇ? ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯೇ? ಒಂದೊಂದಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬದುಕಿರುವುದು ಬೇಡ ಅನ್ನಿಸುತ್ತದೆ, ಮಾಡಿಕೊಳ್ಳುವ ಯೋಚನೆ ಇಲ್ಲ. ಸರೋಜ ನನ್ನ ಕೈ ಹಿಡಿದುಕೊಂಡಿದ್ದಳು. ಯಾವಾಗ ಹಿಡಿದಳೋ ನಾನು ನೋಡಿರಲಿಲ್ಲ.

"ನನ್ ಹತ್ರ ಯಾಕೆ ಸಾರ್ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ."

"ಅಂದ್ರೆ ಇಷ್ಟು ದಿನ ನೀವು ಫೀಸ್ ಕೊಟ್ಟು ನನ್ನ ಮನಸ್ಸು ನೋಡ್ಕೊಂಡಿದೀರಿ."

ಸರೋಜ ಫಕ್ಕನೆ ನಕ್ಕಳು. ನಗುತ್ತಲೇ ಅತ್ತಳು.

"ಸಾರ್, ಕ್ಲಾಸಲ್ಲಿ ಅರ್ಥ ಆಯ್ತಾ ಅಂತ ಕೇಳಿದ್ರೆ ನಿಮ್ ಹುಡುಗ್ರು ಏನಂತಾರೆ?"

"ಆಯ್ತು ಸಾರ್ ಅಂತಾರೆ."

"ನಂಬ್ತೀರಾ?"

"ಇಲ್ಲ."

"ನಾನು ನಂಬ್ಬಿಟ್ಟೆ ನೋಡಿ. ನೀವು ವಾಸಿ ಅಂದಿರಿ, ನಾನು ಅದೇ ಮಾತ್ರೆ, ಅದೇ ಡೋಸು ಮುಂದುವರಿಸಿದೆ. ಇನ್ಮೇಲೆ ಅಕ್ಕನೂ ಜೊತೆಗೆ ಬರ್ಲಿ."

ಆ ಪರದೆಯ ಹಿಂದೆಯೇ ನನ್ನ ಚಿಕಿತ್ಸೆ ಬದಲಾಯಿತು. ಬೇರೆ ಮಾತ್ರೆ, ವಾರಕ್ಕೊಮ್ಮೆ ಕೌನ್ಸೆಲಿಂಗ್, ಮನಸ್ಸು ತೀರಾ ಕೆಟ್ಟರೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಲು ಒಂದು ನಂಬರ್. ಹೊರಗೆ ಬಂದಾಗ ರುದ್ರೇಶ್ ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. ಪರದೆ ಬಟ್ಟೆಯದು, ಅವರಿಗೆ ಎಲ್ಲವೂ ಕೇಳಿಸಿತ್ತು. ಅವರ ಮುಖ ಸಣ್ಣದಾಗಿತ್ತು.

"ನಿಜವಾಗ್ಲೂ ವಾಸಿ ಆಗಿಲ್ವಾ ಮೇಷ್ಟ್ರೇ?"

"ಇಲ್ಲ ರುದ್ರೇಶ್. ಇದೆಲ್ಲ ವಾಪಸ್ ತಗೊಳ್ಳಿ."

ಅವರು ಬುಟ್ಟಿಯನ್ನು ನನ್ನ ಕೈಗೇ ಇಟ್ಟರು. "ಬೇಡ, ಇಟ್ಕೊಳ್ಳಿ. ಅಡ್ವಾನ್ಸ್ ಅಂದ್ಕೊಳ್ಳಿ." ಆಮೇಲೆ ತಾವೇ ಗೇಟಿಗೆ ಹೋಗಿ, ಕುರ್ಚಿ ಹತ್ತಿ, ಫ್ಲೆಕ್ಸ್ ಬಿಚ್ಚಿದರು.

ಈಗ ಹೇಗಿದ್ದೇನೆ? ಎರಡೂ ಸಾಕ್ಸ್ ಹಾಕಿಕೊಳ್ಳುವ ದಿನಗಳಿವೆ. ಒಂದರಲ್ಲೇ ಕೂತುಬಿಡುವ ದಿನಗಳೂ ಇವೆ. ಎರಡನ್ನೂ ಡಾಕ್ಟರಿಗೆ ಹೇಳುತ್ತೇನೆ. ಹೇಳಲು ಮರೆತರೆ ಪಕ್ಕದ ಕುರ್ಚಿಯಿಂದ ಸರೋಜ ಹೇಳುತ್ತಾಳೆ, ಸ್ವಲ್ಪ ಜಾಸ್ತಿಯೇ ಹೇಳುತ್ತಾಳೆ. ಹೋದ ಸಲ ಗಡ್ಡ ಬಿಟ್ಟುಕೊಂಡು, ಮನೆಯಲ್ಲಿ ಹಾಕಿಕೊಂಡಿದ್ದ ಮಾಸಲು ಅಂಗಿಯಲ್ಲೇ ಹೋಗಿ "ಈ ವಾರ ಚೆನ್ನಾಗಿರಲಿಲ್ಲ ಮೇಡಂ" ಎಂದೆ. ನಂಬುತ್ತೀರೋ ಇಲ್ಲವೋ, ಅವರ ಮುಖ ಬಾಡಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು "ಹೇಳಿ" ಎಂದರು.

ಇಷ್ಟಕ್ಕೂ, ಡಾಕ್ಟರ ಬಳಿ ಹೋಗುವ ದಿನ ನೀವು ಯಾವ ಅಂಗಿ ಹಾಕಿಕೊಳ್ಳುತ್ತೀರಿ?