ಅತ್ತೆಯವರ ಷರತ್ತು ಮತ್ತು ಮೆಕ್ಸಿಕೋದ ರೊಟ್ಟಿ

ಓದುಗರಿಗೆ ಮೊದಲಿಗೇ ಒಂದು ಸಂಗತಿಯನ್ನು ಸ್ಪಷ್ಟಪಡಿಸುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ರಾಜ್ಯದ ಗಡಿಯಾಚೆಯ ಉಮರ್ಗಾದ ಒಂದು ಕಚೇರಿಯಲ್ಲಿ ಮರಾಠಿ ಪತ್ರಗಳನ್ನು ಸಿದ್ಧಪಡಿಸುವುದು ನನ್ನ ನೌಕರಿ. ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಒಂದು ಪುಟಕ್ಕಿಂತ ಹೆಚ್ಚು ಬರೆಯುತ್ತಿರುವುದು ಇದೇ ಮೊದಲು. ಪತ್ರದ ಧಾಟಿಯ ಹೊರತು ಬೇರೆ ಧಾಟಿ ನನಗೆ ರೂಢಿಯಲ್ಲಿಲ್ಲ. ಎರಡು ಸಲ ಬರೆದು ಹರಿದು ಹಾಕಿದ್ದೇನೆ. ಇದು ಮೂರನೆಯ ಪ್ರತಿ. ತಪ್ಪುಗಳಿದ್ದಲ್ಲಿ ಅವು ನನ್ನವು. ಆ ಭಾನುವಾರದ ಸಂಭ್ರಮ ಮಾತ್ರ ಪೂರ್ತಿ ನಿಜ.

ವಿಷಯದ ಹಿನ್ನೆಲೆ ಹೀಗಿದೆ. ನಾನು ಬೀದರ ಕಡೆಯವಳು. ಮದುವೆಯಾಗಿ ಉಮರ್ಗಾಕ್ಕೆ ಬಂದು ಹನ್ನೊಂದು ವರ್ಷಗಳಾದವು. ಈ ಅವಧಿಯಲ್ಲಿ ಹೆಚ್ಚುವುದು, ತೊಳೆಯುವುದು, ಬಡಿಸುವುದು ನನ್ನ ಪಾಲಿಗೆ ಬಂದಿದ್ದು, ಒಲೆಯ ಮುಂದಿನ ಅಧಿಕಾರವೆಲ್ಲ ಅತ್ತೆಯವರಲ್ಲಿಯೇ ಇತ್ತು. ಇದನ್ನು ದೂರೆಂದು ತಿಳಿಯಬಾರದು. ಅವರು ಬಡಿದ ಜೋಳದ ರೊಟ್ಟಿ ಸಂಜೆಯವರೆಗೂ ಮೆತ್ತಗಿರುತ್ತದೆ; ನಾನು ಬಡಿದದ್ದು ಹೆಂಚಿನಿಂದ ಇಳಿಯುವಷ್ಟರಲ್ಲೇ ಅಂಚು ಸೀಳುತ್ತದೆ. ಆದಾಗ್ಯೂ ಆ ಒಲೆಯ ಮೇಲೆ ಒಂದು ಪೂರ್ತಿ ಊಟವನ್ನು ಆರಂಭದಿಂದ ಕೊನೆಯವರೆಗೆ ನಾನೊಬ್ಬಳೇ ಮಾಡಬೇಕೆಂಬ ಆಸೆ ಬಹಳ ದಿನಗಳಿಂದ ನನ್ನಲ್ಲಿತ್ತು.

ಕಚೇರಿಯ ಮಧ್ಯಾಹ್ನದ ಬಿಡುವಿನಲ್ಲಿ ಒಂದು ದಿನ ಮೊಬೈಲಿನಲ್ಲಿ ವಿಡಿಯೋ ಒಂದು ಕಣ್ಣಿಗೆ ಬಿತ್ತು. ಮೆಕ್ಸಿಕೋ ದೇಶದ ಅಜ್ಜಿಯೊಬ್ಬರು ಮೆಕ್ಕೆಜೋಳದ ಹಿಟ್ಟನ್ನು ಎರಡು ಅಂಗೈಗಳ ನಡುವೆ ತಟ್ಟಿ, ಸಣ್ಣ ಸಣ್ಣ ರೊಟ್ಟಿ ಮಾಡಿ, ಎಣ್ಣೆ ಮುಟ್ಟಿಸದೆ ಹೆಂಚಿನ ಮೇಲೆ ಬೇಯಿಸುತ್ತಿದ್ದರು. ಅದರಲ್ಲಿ ಬೇಯಿಸಿದ ಕಾಳು, ಹಸಿ ತರಕಾರಿ, ಸುಟ್ಟ ಟೊಮೆಟೊದ ಚಟ್ನಿ, ಮೇಲೆ ನಿಂಬೆರಸ. ಮಡಚಿ ಕೈಯಲ್ಲೇ ತಿನ್ನುವುದು. ಹೆಸರು ಟಾಕೊ. ಆಗ ಮಾಘ ಮಾಸ. ಪೇಟೆಯಲ್ಲಿ ಹಸಿಕಡಲೆ ಗಿಡದ ಸಮೇತ ಕಟ್ಟುಕಟ್ಟಾಗಿ ಬಂದಿತ್ತು, ಕೊತ್ತಂಬರಿಯ ವಾಸನೆ ಬಸ್‌ ನಿಲ್ದಾಣದವರೆಗೂ ಬರುತ್ತಿತ್ತು, ಬೆಳಿಗ್ಗೆ ಚಳಿಯಿದ್ದರೂ ಹನ್ನೊಂದಕ್ಕೆ ಬಿಸಿಲು ಬೆನ್ನಿಗೆ ಹಿತವಾಗುತ್ತಿತ್ತು. ಆ ಅಡುಗೆಗೆ ಬೇಕಾದದ್ದು ಬಹುತೇಕ ನಮ್ಮಲ್ಲೇ ಇದೆಯಲ್ಲ ಎಂದು ಹೊಳೆದೊಡನೆ ನನಗೆ ಕುರ್ಚಿಯಲ್ಲಿ ಕುಳಿತಿರಲು ಆಗಲಿಲ್ಲ. ಅಂದು ಮೂರು ಪತ್ರಗಳ ಮೇಲೆ ಕ್ರಮಾಂಕ ಹಾಕುವುದನ್ನೇ ಮರೆತೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಅದೇ ಸಂಜೆ ಅತ್ತೆಯವರ ಮುಂದೆ ಪ್ರಸ್ತಾವವನ್ನು ಇಟ್ಟೆ. ನಮ್ಮ ಯಜಮಾನರು ನಿಲಂಗಾದ ಶಾಲೆಯಲ್ಲಿ ಶಿಕ್ಷಕರು. ಅವರೂ ಆಗತಾನೆ ಬಸ್ಸಿಳಿದು ಬಂದು ಚಹಾ ಕುಡಿಯುತ್ತಿದ್ದರು.

"ಅತ್ತಿ, ಬರೂ ಐತವಾರ ಅಡಿಗಿ ನಾ ಮಾಡ್ಲೇನ್ರಿ?"

"ದಿನಾ ನೀ ಏನ್ ಕೈ ಕಟ್ಕೊಂಡು ಕುಂದರ್ತೀಯೇನು?"

"ಹಂಗಲ್ರಿ. ಪೂರ್ತಿ ನಾ ಒಬ್ಬಾಕಿನೇ. ಮೆಕ್ಸಿಕೋದ ಅಡಿಗಿ."

"ಅದೆಲ್ಲಿ ಬರ್ತದ? ನಿಲಂಗಾದ ಆಚಿಗೇನು?"

"ನಿಲಂಗಾಕ್ಕ ನಾ ದಿನಾ ಹೋಗ್ತೀನಲ್ಲವ್ವಾ," ಎಂದು ಯಜಮಾನರು ಕಪ್ಪಿನಿಂದ ಬಶಿಗೆ ಚಹಾ ಸುರುವುತ್ತ ಅಂದರು, "ಹಾದ್ಯಾಗ ಎಲ್ಲೂ ಬೋರ್ಡ್ ಕಂಡಿಲ್ಲ."

ಅತ್ತೆಯವರು ನಗಲಿಲ್ಲ. ಯಾವ ಹಿಟ್ಟು ಎಂದು ವಿಚಾರಿಸಿದರು. ಮೆಕ್ಕೆಜೋಳವೆಂದು ತಿಳಿಸಿದೆ. ಗುಂಜೋಟಿಯ ನಮ್ಮ ಹೊಲದಲ್ಲಿ ಅದನ್ನು ಬೆಳೆಯುವುದು ಎಮ್ಮೆಗಳಿಗಾಗಿ.

"ದನಾ ತಿನ್ನೂದು ಮಂದೀಗಿ ತಿನಸ್ತಿ," ಎಂದು ಅವರು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡರು. ಬಳಿಕ ಹೇಳಿದರು: "ಮಾಡು. ಖರೇ ಒಂದ್ ಮಾತು. ಯಾರ ತಾಟಿನಾಗೂ ಒಂದ್ ಚೂರು ಉಳೀಬಾರದು. ಉಳೀತೋ, ಮತ್ತೆಂದೂ ನನ್ನ ಒಲಿ ಕೇಳಬ್ಯಾಡ."

ಈ ಷರತ್ತಿನ ತೂಕವನ್ನು ಹೊರಗಿನವರಿಗೆ ವಿವರಿಸುವುದು ಅವಶ್ಯ. ನಮ್ಮ ಮನೆಯಲ್ಲಿ ತಾಟಿಗೆ ಬಿದ್ದದ್ದು ಪ್ರಸಾದ. ಅದನ್ನು ಬಿಡುವಂತಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಸುರಿದು, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೂ ಕುಡಿಯುತ್ತೇವೆ. ಅತ್ತೆಯವರ ಅಡುಗೆಗೆ ಈ ನಿಯಮ ಎಂದೂ ಕಷ್ಟವಾಗಿಲ್ಲ. ನನ್ನ ಅಡುಗೆಗೆ ಆಗಬಹುದೆಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಷರತ್ತನ್ನು ಅಂಗೀಕರಿಸಿದೆ. ಆ ರಾತ್ರಿ ಪಟ್ಟಿ ಬರೆದೆ. ಪಟ್ಟಿಯ ಕೆಳಗೆ ಅಭ್ಯಾಸಬಲದಿಂದ ಸಹಿಯನ್ನೂ ಹಾಕಿದ್ದೆ.

ಭಾನುವಾರಕ್ಕೆ ಮೂರು ದಿನ ಮುಂಚಿತವಾಗಿ ಯಜಮಾನರು ಶಾಲೆಯ ಕೆಲಸಕ್ಕೆ ಉದಗೀರಕ್ಕೆ ಹೋದವರು ಅಲ್ಲಿಯ ಹಣ್ಣಿನಂಗಡಿಯಿಂದ, ಪಟ್ಟಿಯಲ್ಲಿ ನಮ್ಮ ಪೇಟೆಯಲ್ಲಿ ಸಿಗದ ಒಂದೇ ಪದಾರ್ಥವಾದ ಬೆಣ್ಣೆಹಣ್ಣು, ಅಂದರೆ ಆವಕಾಡೊ, ಎರಡು ತಂದರು. ಗೋಡೆಗೆ ಹೊಡೆದರೆ ಗೋಡೆಯೇ ಒಡೆಯುವಷ್ಟು ಗಟ್ಟಿ. ನನಗೆ ಅಳು ಬರುವುದೊಂದೇ ಬಾಕಿ. ಮರುದಿನ ಬೆಳಿಗ್ಗೆ ನೋಡುತ್ತೇನೆ, ಹಣ್ಣುಗಳು ಇಟ್ಟಲ್ಲಿ ಇರಲಿಲ್ಲ. ಅತ್ತೆಯವರು ಅವನ್ನು ಜೋಳದ ಚೀಲದೊಳಗೆ ಹುಗಿದಿಟ್ಟಿದ್ದರು. ಕೇಳಿದರೆ, "ಸೀತಾಫಳಾ ಹಣ್ಣಾಗ್ತದ, ಇದಕ್ಕೇನು ರೋಗ," ಅಂದರು. ಭಾನುವಾರದ ಹೊತ್ತಿಗೆ ಒಂದು ಮೆತ್ತಗಾಗಿತ್ತು. ಇನ್ನೊಂದು ಒಪ್ಪಲಿಲ್ಲ.

ಶನಿವಾರ ಸಂಜೆ ಮೆಕ್ಕೆಜೋಳದ ಕಾಳು ಬೇಯಿಸಿದೆ. ವಿಡಿಯೋದ ಪ್ರಕಾರ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ, ಹಾಗೆಯೇ ನೆನೆಯಲು ಬಿಟ್ಟು, ಸಿಪ್ಪೆ ತೆಗೆದು ರುಬ್ಬಬೇಕು. ಸುಣ್ಣವಿಲ್ಲದಿದ್ದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ. ಮನೆಯಲ್ಲಿದ್ದ ಸುಣ್ಣವೆಂದರೆ ಅತ್ತೆಯವರ ಎಲೆ ಅಡಿಕೆಯ ಡಬ್ಬಿಯದು. ಅದನ್ನು ಕೇಳುವಾಗ ನನ್ನ ಧ್ವನಿ, ರಜೆ ಕೇಳುವಾಗ ಆಗುವಂತೆ, ಸಣ್ಣಗಾಯಿತು.

"ಎಲಿಗಿ ಹಚ್ಚೂ ಸುಣ್ಣಾ ಕಾಳಿಗಿ ಹಚ್ತೀ? ನಾಳಿ ಊಟಾ ಆದ ಮ್ಯಾಲ ನಾ ಏನ್ ಗ್ವಾಡಿ ನೆಕ್ಕಲೇನು?" ಅನ್ನುತ್ತಲೇ ಡಬ್ಬಿಯನ್ನು ಮುಂದೆ ಸರಿಸಿದರು.

ಭಾನುವಾರ ಐದು ಗಂಟೆಗೇ ಎದ್ದೆ. ಕಾಳನ್ನು ಉಜ್ಜಿದರೆ ಸಿಪ್ಪೆ ತಾನಾಗಿ ಜಾರಿ ಕೈಗೆ ಬರುತ್ತಿತ್ತು! ಒಳಗಿನ ಕಾಳು ಹಳದಿಯಾಗಿ ಹೊಳೆಯುತ್ತಿತ್ತು. ಹಿತ್ತಲಲ್ಲಿ ಕುಳಿತು ಅದನ್ನು ತೊಳೆಯುವಾಗ ನಾನು ಹಾಡು ಗುನುಗುತ್ತಿದ್ದೆನೆಂದು ಯಜಮಾನರು ಆಮೇಲೆ ಹೇಳಿದರು. ನನ್ನ ಗಮನಕ್ಕೆ ಅದು ಬಂದಿರಲಿಲ್ಲ. ಗ್ರೈಂಡರಿನಲ್ಲಿ ರುಬ್ಬಿದೆ. ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಕೆಂಡದಲ್ಲಿ ಸುಟ್ಟು ಒರಳಿನಲ್ಲಿ ಕುಟ್ಟಿದೆ. ಹಸಿಕಡಲೆಯನ್ನು ಬರೀ ಉಪ್ಪು ಹಾಕಿ ಬೇಯಿಸಿದೆ. ಎಲೆಕೋಸು, ಮೂಲಂಗಿ, ಉಳ್ಳಾಗಡ್ಡಿಯನ್ನು ಎಳೆಎಳೆಯಾಗಿ ಹೆಚ್ಚಿ ನಿಂಬೆರಸ ಹಿಂಡಿದೆ. ಹಣ್ಣಾದ ಬೆಣ್ಣೆಹಣ್ಣನ್ನು ಕೊತ್ತಂಬರಿಯ ಜೊತೆ ಕಿವುಚಿದೆ.

ರೊಟ್ಟಿಯ ವಿಷಯದಲ್ಲಿ ಮಾತ್ರ ತೊಡಕಾಯಿತು. ಜೋಳದ ರೊಟ್ಟಿಯಂತೆ ಬಡಿಯಲು ಹೋಗಿ ಮೊದಲನೆಯದು ಚೂರಾಯಿತು. ಎರಡನೆಯದು ಎಮ್ಮೆಯ ಗೊರಸಿನಷ್ಟು ದಪ್ಪವಾಗಿ ಸೀಳು ಬಿಟ್ಟಿತು; ಅದನ್ನು ಹಾಗೆಯೇ ಬೇಯಿಸಿ ರೊಟ್ಟಿಯ ಬುಟ್ಟಿಗೆ ಹಾಕಿದೆ. ಕೊನೆಗೆ ಹಾಲಿನ ಪಾಕೀಟಿನ ಹಾಳೆಯನ್ನು ಕತ್ತರಿಸಿ, ಅದರ ನಡುವೆ ಉಂಡೆಯಿಟ್ಟು, ಮೇಲೆ ತಾಟಿನಿಂದ ಒತ್ತಿದೆ. ಬಾಗಿಲಿಗೆ ಒರಗಿ ನಿಂತಿದ್ದ ಅತ್ತೆಯವರು, "ರೊಟ್ಟಿ ಬಡಿತಾರವ್ವಾ, ಠಸೆ ಒತ್ತೂದಿಲ್ಲ. ಕಚೇರಿ ಚಟಾ," ಅಂದರು. ಆದರೆ ಒತ್ತಿದ ಆ ರೊಟ್ಟಿ ಹೆಂಚಿನ ಮೇಲೆ ಉಬ್ಬಿತು. ಪೂರ್ತಿ ದುಂಡಗೆ ಉಬ್ಬಿತು. ಅತ್ತೆಯವರು ಒಂದು ಹೆಜ್ಜೆ ಮುಂದೆ ಬಂದು ನೋಡಿ, ಹಿಂದೆ ಸರಿದರು.

ಅಷ್ಟರಲ್ಲಿ ಅಂಗಳದಲ್ಲಿ ಕೋಲಿನ ಸದ್ದಾಯಿತು. "ಅಯ್ಯನೋರು ಬಂದಾರ," ಎಂದು ಯಜಮಾನರು ಕೂಗಿದರು.

ಇಲ್ಲಿ ನನ್ನ ಗಂಭೀರ ಪ್ರಮಾದವನ್ನು ನಮೂದಿಸಬೇಕಾಗಿದೆ. ಪ್ರತಿ ಹುಣ್ಣಿಮೆಗೆ ವಯಸ್ಸಾದ ಜಂಗಮ ಅಯ್ಯನವರೊಬ್ಬರು ನಮ್ಮ ಮನೆಗೆ ಊಟಕ್ಕೆ ಬರುವುದು ಮಾವನವರ ಕಾಲದ ಪದ್ಧತಿ. ಅವರು ಉಂಡ ಮೇಲೆಯೇ ಉಳಿದವರ ಊಟ. ಅಂದು ಮಾಡುವುದು ಹೋಳಿಗೆ. ದಿನ ಗೊತ್ತುಪಡಿಸುವಾಗ ನಾನು ನೋಡಿದ್ದು ಕಚೇರಿಯ ರಜೆಗಳ ಪಟ್ಟಿಯನ್ನು, ಪಂಚಾಂಗವನ್ನಲ್ಲ. ಅಂದು ಭಾರತ ಹುಣ್ಣಿಮೆ.

"ಅತ್ತಿ, ಹುಣ್ಣಿಮಿ ಅಂತ ಹೇಳಬಾರದೇನ್ರಿ?" ನಾನು ಬೇಳೆಯ ಡಬ್ಬಿಗೆ ಕೈ ಹಾಕಿದೆ. "ಈಗ ಬ್ಯಾಳಿ ಇಡ್ಲೇನ್ರಿ? ಒಂದ್ ತಾಸಿನಾಗ ಹೋಳಗಿ..."

"ನೀ ಕೇಳಲಿಲ್ಲ, ನಾ ಹೇಳಲಿಲ್ಲ. ಇವತ್ತ ಒಲಿ ನಿಂದು," ಎಂದು ಅವರು ಅಯ್ಯನವರ ಪಾದಕ್ಕೆ ನೀರು ಕೊಡಲು ತಂಬಿಗೆ ಹಿಡಿದು ಹೊರನಡೆದರು.

ಅಯ್ಯನವರಿಗೆ ಮುಂದಿನ ಹಲ್ಲುಗಳು ನಾಲ್ಕೋ ಐದೋ ಉಳಿದಿವೆ. ಚಾಪೆಯ ಮೇಲೆ ಕುಳಿತು, ತಾಟಿನಲ್ಲಿದ್ದ ಮೂರು ಸಣ್ಣ ರೊಟ್ಟಿಗಳನ್ನು ಬಗ್ಗಿ ನೋಡಿದರು.

"ಏನವ್ವಾ, ಹುಣ್ಣಿಮಿ ದಿನಾನೇ ರೊಟ್ಟಿ ಇಷ್ಟ್ ಸಣ್ಣದಾಗ್ಯಾದ? ಚಂದ್ರ ನಿಮ್ಮ ಮನ್ಯಾಗೇ ಕರಗ್ಲತ್ತಾನೇನು?"

"ಸೊಸಿ ಮಾಡ್ಯಾಳ್ರಿ ಅಯ್ಯನೋರೆ, ಪರದೇಶದ ಊಟ," ಎಂದರು ಅತ್ತೆಯವರು. "ಸೇರಲಿಲ್ಲಂದ್ರ ಹೇಳ್ರಿ, ಅನ್ನಾ ಇಡ್ತೀನಿ."

"ಪ್ರಸಾದಕ್ಕ ಯಾ ದೇಶ? ಹ್ಯಾಂಗ ಉಣ್ಣೂದು, ಅದೊಂದ್ ಹೇಳು."

ಮಡಚುವುದನ್ನು ತೋರಿಸಿದೆ. ಮೊದಲ ತುತ್ತಿಗೇ ಹಿಂದಿನ ತುದಿಯಿಂದ ಕಡಲೆ, ಕೋಸು ಎಲ್ಲವೂ ತಾಟಿಗೆ ಸುರಿಯಿತು. ನಾನು ಕಂಬ ಹಿಡಿದು ನಿಂತೆ. ಅವರು ನಿಧಾನವಾಗಿ ಜಗಿದರು. ಜಗಿಯುವುದು ಬಹಳ ಹೊತ್ತು ನಡೆಯಿತು.

"ಈ ಹಸರಂದು ಏನು? ನಾಲಗಿ ಮ್ಯಾಲ ನಿಲ್ಲಂಗೇ ಇಲ್ಲ."

"ಬೆಣ್ಣಿಹಣ್ಣು ಅಂತಾರ್ರಿ. ಉದಗೀರದಿಂದ ತರ್ಸೀವಿ."

"ಹಲ್ಲಿಲ್ಲದವರ ಸಲುವಾಗೇ ಮಾಡ್ಯಾನ ನೋಡು ಶಿವ. ಇನ್ನಾಟು ಹಾಕು. ಇಲ್ಲಿ ಬರೂದ್ರಾಗ ಎರಡ್ ಮನ್ಯಾಗ ಹೋಳಗಿ ಆಗ್ಯಾವ, ಹೊಟ್ಟಿ ಕಲ್ಲಾಗ್ಯಾದ. ಇದು ಹಗುರ ಅದ."

ಐದು ರೊಟ್ಟಿ ಉಂಡರು. ತಾಟಿಗೆ ಬಿದ್ದಿದ್ದ ಕಡಲೆಕಾಳನ್ನು ಒಂದೊಂದಾಗಿ, ಕೊತ್ತಂಬರಿಯ ಎಲೆಯನ್ನೂ ಬಿಡದೆ ಬೆರಳಿನಿಂದ ಒತ್ತಿ ಎತ್ತಿಕೊಂಡರು. ನಂತರ ನೀರು ಸುರಿದು ತೊಳೆದು ಕುಡಿದರು. ಸುಟ್ಟ ಮೆಣಸಿನಕಾಯಿಯ ಚಟ್ನಿ ಆ ನೀರಿನಲ್ಲಿ ಕರಗಿತ್ತು. ಅವರಿಗೆ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಕೈಯೆತ್ತಿ ನನ್ನನ್ನು ತಡೆದು ಉಳಿದದ್ದನ್ನೂ ಕುಡಿದು ಮುಗಿಸಿದರು. ಹುಣ್ಣಿಮೆಯ ಚಂದ್ರನಂತೆ ತಾಟು ಹೊಳೆಯಿತೆಂದು ಬರೆಯುವ ಮನಸ್ಸಾಗುತ್ತದೆ, ಆದರೆ ಅದು ಹಳೆಯ ಸ್ಟೀಲಿನ ತಾಟು, ಖಾಲಿಯಾಗಿತ್ತು, ಅಷ್ಟೇ. ನನಗೆ ಅಷ್ಟೇ ಬೇಕಿತ್ತು.

ಅಯ್ಯನವರು ವಿಭೂತಿ ಹಚ್ಚಿ ಹೊರಟ ಮೇಲೆ ಯಜಮಾನರು ಕುಳಿತರು. ಪ್ರತಿ ತುತ್ತಿಗೂ ಹೊಗಳಿದರು. ನಿಲಂಗಾದ ಶಿಕ್ಷಕರನ್ನೆಲ್ಲ ಒಂದು ದಿನ ಕರೆಯೋಣ ಅಂದರು. ನಾನು ಹಿಗ್ಗಿನಿಂದ ಒಳಗೂ ಹೊರಗೂ ಓಡಾಡುತ್ತಿದ್ದುದರಿಂದ, ಬುಟ್ಟಿಯ ತಳದಲ್ಲಿದ್ದ ಆ ಎರಡನೆಯ ದಪ್ಪ ರೊಟ್ಟಿ ಅವರ ತಾಟಿಗೆ ಹೋದದ್ದನ್ನು ಗಮನಿಸಲಿಲ್ಲ. ಅವರು ಕೈತೊಳೆಯಲು ಎದ್ದಾಗ ಅತ್ತೆಯವರು ತಾಟಿನ ಹತ್ತಿರ ಬಂದರು. ಕೋಸಿನ ಎಲೆಯೊಂದನ್ನು ಬೆರಳ ತುದಿಯಿಂದ ಸರಿಸಿದರು. ಅದರ ಕೆಳಗೆ ಆ ರೊಟ್ಟಿಯ ಅರ್ಧ ಇತ್ತು.

"ಇದೇನೋ?"

"ಹೊಟ್ಟಿ ತುಂಬ್ಯಾದವ್ವಾ," ಎಂದರು ಯಜಮಾನರು, ನನ್ನ ಕಡೆ ನೋಡದೆ.

ಬೆಳಗಿನ ಐದು ಗಂಟೆಯಿಂದ ನೆಲಕ್ಕೆ ತಾಗದೆ ನಡೆದಿದ್ದ ಕಾಲುಗಳು ಅಲ್ಲೇ ಭಾರವಾದವು.

ಅತ್ತೆಯವರು ಮಗನ ಚಾಪೆಯ ಮೇಲೆಯೇ ಕುಳಿತು ತಾಟನ್ನು ತಮ್ಮ ಕಡೆ ಎಳೆದುಕೊಂಡರು. ಆ ಗಟ್ಟಿ ರೊಟ್ಟಿಯನ್ನು ಮುರಿದು, ಅಂಚಿನಲ್ಲಿದ್ದ ಚಟ್ನಿಗೆ ಅದ್ದಿ ಬಾಯಿಗೆ ಹಾಕಿಕೊಂಡರು. ನಾಲ್ಕು ತುತ್ತು, ನಾನು ಎಣಿಸಿದೆ. ಕೋಸಿನ ಎಲೆಯನ್ನೂ ತಿಂದರು. ತಂಬಿಗೆಯಿಂದ ನೀರು ಸುರಿದು, ತೊಳೆದು, ಕುಡಿದರು.

"ಸುಣ್ಣಾ ಇನ್ನಾ ನಾಲಗಿಗಿ ಹತ್ಲತ್ತದ," ಅಂದರು. "ಮುಂದಿನ ಸಲ ಕಾಳು ಇನ್ನೆರಡ್ ನೀರಿನಾಗ ತೊಳಿ."

"ತಾಟ ಖಾಲಿ ಆತಲ್ರಿ ಅತ್ತಿ?"

"ನಿನಗ ಕಣ್ಣಿಲ್ಲೇನು? ನೀನೂ ಉಂಡಿಲ್ಲ, ನಂದೂ ಊಟ ಆಗಿಲ್ಲ. ನನಗ ನಾಕ ಹಾಕು, ಬಿಸೀವು. ತೆಳ್ಳಗ ಒತ್ತು."

ನಾನು ಒಳಗೆ ಹೋಗಿ ಹೆಂಚನ್ನು ಮತ್ತೆ ಒಲೆಯ ಮೇಲೆ ಇಟ್ಟೆ.